ಕಾರಿನ ರೇಡಿಯೋ ಫ್ಯೂಸ್ ಹೋದಾಗ

ಎಂಜಿನ್ ಸರಿಯಾಗಿ ಸ್ಟಾರ್ಟ್ ಆಗುತ್ತದೆ. ಹೆಡ್‌ಲೈಟ್, ಹಾರ್ನ್, ವೈಪರ್ ಎಲ್ಲ ಕೆಲಸ ಮಾಡುತ್ತವೆ. ರೇಡಿಯೋ ಮಾತ್ರ ಸತ್ತುಹೋಗಿದೆ. ಪರದೆ ಹತ್ತುವುದಿಲ್ಲ, ಯಾವ ಬಟನ್ ಒತ್ತಿದರೂ ಸದ್ದಿಲ್ಲ. ನಿನ್ನೆ ತನಕ ಚೆನ್ನಾಗಿದ್ದ ರೇಡಿಯೋ ಹೀಗೆ ಒಮ್ಮೆಲೇ ನಿಂತರೆ ಮೊದಲು ಅನುಮಾನ ಪಡಬೇಕಾದದ್ದು ಫ್ಯೂಸ್ ಮೇಲೆ. ಅದನ್ನು ಪತ್ತೆಹಚ್ಚಿ ಬದಲಿಸುವುದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಸ್ವಲ್ಪ ತಾಳ್ಮೆ, ಕರೆಂಟ್ ಇದೆಯೇ ಎಂದು ತೋರಿಸುವ ಒಂದು ಟೆಸ್ಟ್ ಲ್ಯಾಂಪ್ ಅಥವಾ ವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದರೆ ಸಾಕು.

ಆದರೆ ಫ್ಯೂಸ್ ಬದಲಿಸಿದರೆ ಅರ್ಧ ಕೆಲಸ ಮಾತ್ರ ಮುಗಿಯುತ್ತದೆ. ಅದು ಯಾಕೆ ಹೋಯಿತು ಎಂದು ಹುಡುಕುವುದು ಉಳಿದರ್ಧ. ಹೊಸ ಫ್ಯೂಸ್ ಹಾಕಿ, ಹಾಡು ಬಂದ ತಕ್ಷಣ ಮುಚ್ಚಳ ಮುಚ್ಚಿಬಿಡುವವರೇ ಜಾಸ್ತಿ. ಅದಕ್ಕೇ ಇಲ್ಲಿ ಆ ಎರಡನೇ ಅರ್ಧಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಫ್ಯೂಸ್ ಕಾಯುವುದು ವೈರನ್ನು

ಫ್ಯೂಸ್ ಇರುವುದು ರೇಡಿಯೋವನ್ನು ಕಾಪಾಡಲು ಎಂದು ಹಲವರು ತಿಳಿದಿದ್ದಾರೆ. ಅದು ಮುಖ್ಯವಾಗಿ ಕಾಪಾಡುವುದು ರೇಡಿಯೋ ತನಕ ಹೋಗುವ ವೈರನ್ನು. ಈ ಒಂದು ವಿಷಯ ಮನಸ್ಸಿಗೆ ಇಳಿದರೆ ಮುಂದಿನ ಎಲ್ಲ ನಿಯಮಗಳೂ ತಾವಾಗಿಯೇ ಅರ್ಥವಾಗುತ್ತವೆ.

ಕಾರಿನ ಬ್ಯಾಟರಿ 12 ವೋಲ್ಟಿನದು. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಹಾಗಂತ ಅದರಲ್ಲಿ ಶಕ್ತಿ ಕಡಿಮೆ ಅಂದುಕೊಳ್ಳಬೇಡಿ. ಸ್ಟಾರ್ಟರ್ ಮೋಟಾರ್ ತಿರುಗಿಸುವಾಗ ಅದೇ ಬ್ಯಾಟರಿ ನೂರಾರು ಆಂಪಿಯರ್ ಕರೆಂಟ್ ಕೊಡುತ್ತದೆ. ರೇಡಿಯೋಗೆ ಹೋಗುವ ತೆಳ್ಳನೆಯ ವೈರ್ ಅಷ್ಟನ್ನು ಹೊರಲಾರದು. ಡ್ಯಾಶ್‌ಬೋರ್ಡಿನ ಹಿಂದೆ ಎಲ್ಲೋ ಆ ವೈರಿನ ಸಿಪ್ಪೆ ಉಜ್ಜಿ ಸವೆದು, ಒಳಗಿನ ತಾಮ್ರ ಕಾರಿನ ಬಾಡಿಗೆ ತಗುಲಿತು ಎನ್ನಿ. ಕಾರಿನ ಬಾಡಿ ಬ್ಯಾಟರಿಯ ಮೈನಸ್‌ಗೆ ಸೇರಿರುತ್ತದೆ. ಅಂದರೆ ಪ್ಲಸ್ ನೇರವಾಗಿ ಮೈನಸ್‌ಗೆ ತಾಗಿದ ಹಾಗೆ. ಇದನ್ನೇ ನಾವು ಶಾರ್ಟ್ ಅನ್ನುವುದು. ತಡೆಯುವವರಿಲ್ಲದೆ ಕರೆಂಟ್ ನುಗ್ಗುತ್ತದೆ, ವೈರ್ ಬಿಸಿಯಾಗುತ್ತದೆ, ಸಿಪ್ಪೆ ಕರಗುತ್ತದೆ, ಪಕ್ಕದ ವೈರುಗಳಿಗೂ ಅದೇ ಗತಿ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಇದನ್ನು ತಡೆಯಲು ದಾರಿಯಲ್ಲಿ ಬೇಕಂತಲೇ ಒಂದು ದುರ್ಬಲ ಜಾಗ ಮಾಡಿಡುತ್ತಾರೆ. ಅದೇ ಫ್ಯೂಸ್. ಪ್ಲಾಸ್ಟಿಕ್ ಕವಚದೊಳಗೆ ಸಾಮಾನ್ಯವಾಗಿ ಸತುವಿನ ಮಿಶ್ರಲೋಹದ ಸಣ್ಣ ಪಟ್ಟಿ ಇರುತ್ತದೆ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ತಾಮ್ರ ಕರಗಲು 1,085 ಡಿಗ್ರಿ ಬೇಕು. ಹಾಗಾಗಿ ವೈರಿಗೆ ಅಪಾಯ ಬರುವ ಮೊದಲೇ ಪಟ್ಟಿ ಕರಗಿ ತುಂಡಾಗುತ್ತದೆ, ಕರೆಂಟ್ ನಿಲ್ಲುತ್ತದೆ. ಈಗಿನ ಕಾರುಗಳಲ್ಲಿ ಕಾಣುವ ಎರಡು ಕಾಲಿನ ಚಪ್ಪಟೆ ಫ್ಯೂಸ್ ಬಂದಿದ್ದು 1976ರಲ್ಲಿ. ಅದಕ್ಕೂ ಮೊದಲು ಗಾಜಿನ ಕೊಳವೆಯ ಫ್ಯೂಸ್‌ಗಳಿದ್ದವು.

10 ಆಂಪಿಯರ್ ಫ್ಯೂಸ್ ಅಂದರೆ 10 ದಾಟಿದ ಕ್ಷಣದಲ್ಲೇ ಹೋಗುತ್ತದೆ ಎಂದಲ್ಲ. ಸಾಮಾನ್ಯ ಚಪ್ಪಟೆ ಫ್ಯೂಸ್ ತನ್ನ ಮಿತಿಗಿಂತ ಶೇಕಡಾ 10ರಷ್ಟು ಜಾಸ್ತಿ ಕರೆಂಟನ್ನು 100 ಗಂಟೆ ತನಕ ತಡೆದುಕೊಳ್ಳಬೇಕು. ಶೇಕಡಾ 35ರಷ್ಟು ಜಾಸ್ತಿಯಾದರೆ 10 ನಿಮಿಷದೊಳಗೆ ಹೋಗಬೇಕು. ಎರಡು ಪಟ್ಟಾದರೆ 5 ಸೆಕೆಂಡಿನೊಳಗೆ. ನೇರ ಶಾರ್ಟ್ ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ. ಫ್ಯೂಸ್ ಯಾವಾಗ ಹೋಯಿತು, ಎಷ್ಟು ಬೇಗ ಹೋಯಿತು ಅನ್ನುವುದರಲ್ಲೇ ಎಷ್ಟೋ ಸುಳಿವು ಸಿಗುವುದು ಈ ಕಾರಣಕ್ಕೆ.

ರೇಡಿಯೋಗೆ ಎರಡು ಕಡೆಯಿಂದ ಕರೆಂಟ್ ಬರುತ್ತದೆ

ಹೆಚ್ಚಿನ ಕಾರುಗಳಲ್ಲಿ ರೇಡಿಯೋಗೆ ಎರಡು ಪ್ಲಸ್ ವೈರ್ ಬರುತ್ತವೆ. ಒಂದು ಬ್ಯಾಟರಿಯಿಂದ ಯಾವಾಗಲೂ ಬರುವ ಲೈನ್. ಕಾರ್ ಆಫ್ ಆಗಿದ್ದರೂ ಗಡಿಯಾರ ನಡೆಯುವುದು, ನೀವು ಸೇವ್ ಮಾಡಿದ ಸ್ಟೇಷನ್‌ಗಳು ಉಳಿಯುವುದು ಇದರಿಂದ. ಹಾಡು ಜೋರಾಗಿ ಬಾರಿಸುವಾಗ ಬೇಕಾಗುವ ಕರೆಂಟ್ ಕೂಡ ಸಾಮಾನ್ಯವಾಗಿ ಇದರಿಂದಲೇ ಬರುತ್ತದೆ. ಇನ್ನೊಂದು ಕೀ ತಿರುಗಿಸಿದಾಗ ಮಾತ್ರ ಬರುವ ಲೈನ್. ಅದರ ಕೆಲಸ 'ಈಗ ಏಳು' ಎಂದು ರೇಡಿಯೋಗೆ ಹೇಳುವುದು. ಇವುಗಳ ಜತೆಗೆ ಬಾಡಿಗೆ ಸೇರುವ ಒಂದು ಅರ್ತ್ ವೈರ್. ಹೊರಗಿನಿಂದ ಕೊಂಡು ಹಾಕಿಸಿದ ರೇಡಿಯೋ ಆದರೆ ಯಾವಾಗಲೂ ಇರುವ ಲೈನ್ ಹಳದಿ, ಕೀ ಲೈನ್ ಕೆಂಪು, ಅರ್ತ್ ಕಪ್ಪು. ಕಾರ್ ಕಂಪನಿಯೇ ಹಾಕಿದ ವೈರುಗಳ ಬಣ್ಣ ಮಾತ್ರ ಒಂದೊಂದು ಕಾರಿನಲ್ಲಿ ಒಂದೊಂದು ಥರ. ಅಲ್ಲಿ ಬಣ್ಣ ನೋಡಿ ಊಹೆ ಮಾಡಬೇಡಿ.

ಈ ಎರಡು ಲೈನಿಗೆ ಬೇರೆ ಬೇರೆ ಫ್ಯೂಸ್ ಇರುವುದುಂಟು. ಹಾಗಾಗಿ 'ರೇಡಿಯೋ ಫ್ಯೂಸ್ ನೋಡಿದೆ, ಸರಿಯಾಗಿದೆ' ಅಂದರೆ ಸಾಲದು. ಎರಡನ್ನೂ ನೋಡಬೇಕು.

ಫ್ಯೂಸ್ ಪೆಟ್ಟಿಗೆ ತೆರೆಯುವ ಮೊದಲೇ ಸುಮ್ನೆ ಕೂತು ಗಮನಿಸಿದರೆ ಎಷ್ಟೋ ವಿಷಯ ತಿಳಿಯುತ್ತದೆ. ರೇಡಿಯೋ ಪೂರ್ತಿ ಸತ್ತಿದೆಯೇ? ಹಾಗಿದ್ದರೆ ಎರಡರಲ್ಲಿ ಯಾವುದಾದರೂ ಹೋಗಿರಬಹುದು. ಗಡಿಯಾರ ಮಾತ್ರ ಕಾಣುತ್ತದೆ, ರೇಡಿಯೋ ಆನ್ ಆಗುವುದಿಲ್ಲವೇ? ಕೀ ಲೈನಿನ ಫ್ಯೂಸ್ ಮೇಲೆ ಅನುಮಾನ ಪಡಿ. ರೇಡಿಯೋ ಬರುತ್ತದೆ, ಆದರೆ ಪ್ರತಿ ಸಲ ಕಾರ್ ನಿಲ್ಲಿಸಿ ಮತ್ತೆ ಶುರುಮಾಡಿದಾಗ ಗಡಿಯಾರ ಮೊದಲಿನಿಂದ ಶುರು, ಸ್ಟೇಷನ್‌ಗಳೆಲ್ಲ ಮಾಯ ಅಂತಾದರೆ ಯಾವಾಗಲೂ ಇರಬೇಕಾದ ಲೈನ್ ಸರಿಯಿಲ್ಲ. ಪರದೆ ಚೆನ್ನಾಗಿ ಹತ್ತುತ್ತದೆ, ಸದ್ದು ಮಾತ್ರ ಇಲ್ಲ ಅಂದರೆ ರೇಡಿಯೋದ ಮುಖ್ಯ ಫ್ಯೂಸ್ ಹೋಗಿರುವ ಸಾಧ್ಯತೆ ಕಡಿಮೆ. ಸದ್ದು ಹೆಚ್ಚಿಸುವ ಪ್ರತ್ಯೇಕ ಆಂಪ್ಲಿಫೈಯರ್ ಇದ್ದರೆ ಅದರ ಫ್ಯೂಸ್ ನೋಡಬೇಕು.

ಇನ್ನೊಂದು ಸುಳಿವು ಅಕ್ಕಪಕ್ಕದಲ್ಲೇ ಇರುತ್ತದೆ. ಒಂದೇ ಫ್ಯೂಸ್ ಹಲವು ಸಾಮಾನಿಗೆ ಕರೆಂಟ್ ಕೊಡುತ್ತಿರಬಹುದು. ಕಾರಿನ ಒಳಗಿನ ದೀಪ ಹತ್ತುತ್ತದೆಯೇ, ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ಟಿನಲ್ಲಿ ಕರೆಂಟ್ ಇದೆಯೇ, ಪಕ್ಕದ ಕನ್ನಡಿ ಬಟನ್‌ನಿಂದ ತಿರುಗುತ್ತದೆಯೇ ನೋಡಿ. ರೇಡಿಯೋ ಜತೆ ಒಳಗಿನ ದೀಪವೂ ಹೋಗಿದ್ದರೆ ಕಾರಣ ಫ್ಯೂಸೇ ಇರಬೇಕು, ಎರಡೂ ಒಟ್ಟಿಗೆ ಕೆಡುವುದು ಬಹಳ ಅಪರೂಪ. ಚಾರ್ಜಿಂಗ್ ಸಾಕೆಟ್ ಹೋಗಿದ್ದರೆ ಗಮನವಿಟ್ಟು ನೆನಪಿಡಿ, ಮುಂದೆ ಇದೇ ಮುಖ್ಯವಾಗುತ್ತದೆ.

ಎಲ್ಲಿ ಹುಡುಕುವುದು

ಕಾರಿನಲ್ಲಿ ಒಂದಕ್ಕಿಂತ ಹೆಚ್ಚು ಫ್ಯೂಸ್ ಪೆಟ್ಟಿಗೆಗಳಿರುವುದೇ ಸಾಮಾನ್ಯ. ಒಂದು ಎಂಜಿನ್ ಜಾಗದಲ್ಲಿ ಬ್ಯಾಟರಿ ಹತ್ತಿರ. ಇನ್ನೊಂದು ಸ್ಟೀರಿಂಗ್ ಕೆಳಗೆ, ಇಲ್ಲವೇ ಡ್ಯಾಶ್‌ಬೋರ್ಡಿನ ಪಕ್ಕದಲ್ಲಿ ಬಾಗಿಲು ತೆಗೆದರೆ ಕಾಣುವ ಹಾಗೆ, ಅಥವಾ ಗ್ಲವ್ ಬಾಕ್ಸ್ ಹಿಂದೆ. ಕೆಲವು ಕಾರುಗಳಲ್ಲಿ ಡಿಕ್ಕಿಯಲ್ಲೂ ಇರುತ್ತದೆ. ರೇಡಿಯೋ ಫ್ಯೂಸ್ ಹೆಚ್ಚಾಗಿ ಒಳಗಿನ ಪೆಟ್ಟಿಗೆಯಲ್ಲಿ ಸಿಗುತ್ತದೆ. ಮುಚ್ಚಳದ ಒಳಮೈಯಲ್ಲಿ ನಕ್ಷೆ ಇರುತ್ತದೆ. ಅಲ್ಲಿಲ್ಲದಿದ್ದರೆ ಕಾರಿನ ಜತೆ ಬಂದ ಪುಸ್ತಕದಲ್ಲಿ ಇದ್ದೇ ಇರುತ್ತದೆ. 'ರೇಡಿಯೋ', 'ಆಡಿಯೋ', 'ಎಸಿಸಿ' (ಕೀ ಲೈನ್), 'ಮೆಮೊರಿ' (ಯಾವಾಗಲೂ ಇರುವ ಲೈನ್) ಈ ಥರದ ಹೆಸರುಗಳನ್ನು ಹುಡುಕಿ. ಮೆಮೊರಿ ಫ್ಯೂಸ್ ಕೆಲವೊಮ್ಮೆ 'ಡೋಮ್' ಅಂದರೆ ಒಳಗಿನ ದೀಪದ ಹೆಸರಿನಲ್ಲಿ ಅಡಗಿರುತ್ತದೆ. ಕಾರಿನ ಪುಸ್ತಕ ಕಳೆದುಹೋಗಿದ್ದರೆ ಹೆಚ್ಚಿನ ಕಂಪನಿಗಳ ವೆಬ್‌ಸೈಟಿನಲ್ಲಿ ಸಿಗುತ್ತದೆ. ನಿಮ್ಮ ಮಾಡೆಲ್ ಮತ್ತು ತಯಾರಾದ ವರ್ಷಕ್ಕೆ ಸರಿಹೊಂದುವುದನ್ನೇ ನೋಡಿ, ಯಾಕಂದರೆ ಒಂದೇ ಹೆಸರಿನ ಕಾರಿನಲ್ಲೂ ವರ್ಷ ಬದಲಾದರೆ ನಕ್ಷೆ ಬದಲಾಗಬಹುದು.

ಇಷ್ಟಕ್ಕೇ ಮುಗಿಯುವುದಿಲ್ಲ. ಹಲವು ರೇಡಿಯೋಗಳ ಬೆನ್ನಿನಲ್ಲೇ ಒಂದು ಚಪ್ಪಟೆ ಫ್ಯೂಸ್ ಇರುತ್ತದೆ, ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್‌ದು. ಹೊರಗಿನಿಂದ ಹಾಕಿಸಿದ ರೇಡಿಯೋಗಳಲ್ಲಿ ಇದು ಬಹಳ ಮಾಮೂಲು. ಪೆಟ್ಟಿಗೆಯ ಫ್ಯೂಸ್‌ಗಳೆಲ್ಲ ಸರಿಯಾಗಿದ್ದೂ ರೇಡಿಯೋ ಸತ್ತಿದ್ದರೆ ಕಾರಣ ಇಲ್ಲಿರಬಹುದು. ಅದನ್ನು ನೋಡಲು ರೇಡಿಯೋ ಹೊರಗೆಳೆಯಬೇಕು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ರೇಡಿಯೋ ಡಬ್ಬಿಯ ಮೇಲೆ ದೊಡ್ಡದಾಗಿ '4 ಗುಣಿಸು 50 ವ್ಯಾಟ್' ಅಂತ ಬರೆದಿರುತ್ತದೆ. ಬೆನ್ನಿನಲ್ಲಿ ನೋಡಿದರೆ 10 ಆಂಪಿಯರ್ ಫ್ಯೂಸ್. ಎಂಜಿನ್ ಓಡುವಾಗ ಸುಮಾರು 14 ವೋಲ್ಟ್ ಇರುತ್ತದೆ, 14 ಗುಣಿಸು 10 ಅಂದರೆ 140 ವ್ಯಾಟ್. ಒಳಗೆ ಹೋಗುವುದೇ 140 ಆದರೆ ಹೊರಗೆ 200 ಎಡೆಬಿಡದೆ ಬರಲು ಸಾಧ್ಯವೇ? ಆ 50 ಅನ್ನುವುದು ಕ್ಷಣಮಾತ್ರದ ಗರಿಷ್ಠ ಲೆಕ್ಕ. ರೇಡಿಯೋದ ನಿಜವಾದ ಶಕ್ತಿ ತಿಳಿಯಬೇಕೆಂದರೆ ಫ್ಯೂಸ್ ನೋಡಿ, ಡಬ್ಬಿ ನೋಡಬೇಡಿ.

ಕಣ್ಣನ್ನು ಪೂರ್ತಿ ನಂಬಬೇಡಿ

ಫ್ಯೂಸ್ ತೆಗೆದು ಬೆಳಕಿಗೆ ಹಿಡಿದರೆ ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ಬಾಗಿದ ಪಟ್ಟಿ ಕಾಣುತ್ತದೆ. ಅದು ತುಂಡಾಗಿದ್ದರೆ ಫ್ಯೂಸ್ ಹೋಗಿದೆ, ಅನುಮಾನವಿಲ್ಲ. ಆದರೆ ತುಂಡಾಗಿಲ್ಲ ಎಂದು ಕಂಡ ಮಾತ್ರಕ್ಕೆ ಅದು ಸರಿಯಾಗಿದೆ ಎಂದು ಹೇಳಲಾಗದು. ಕೂದಲೆಳೆಯಷ್ಟು ಬಿರುಕು ಕಣ್ಣಿಗೆ ಬೀಳುವುದಿಲ್ಲ. ಅದೂ ಅಲ್ಲದೆ ಒಂದೊಂದಾಗಿ ಎಲ್ಲ ಫ್ಯೂಸ್ ಕಿತ್ತು ನೋಡುವುದು ಒಳ್ಳೆಯ ಅಭ್ಯಾಸವಲ್ಲ. ಬೇರೆ ಸಾಮಾನುಗಳ ಮೆಮೊರಿ ಅಳಿಯುತ್ತದೆ, ವಾಪಸ್ ಹಾಕುವಾಗ ಜಾಗ ತಪ್ಪುವುದೂ ಇದೆ.

ಕೀಳದೆಯೇ ನೋಡುವ ದಾರಿ ಇದೆ. ಹೆಚ್ಚಿನ ಚಪ್ಪಟೆ ಫ್ಯೂಸ್‌ಗಳ ನೆತ್ತಿಯಲ್ಲಿ ಎರಡು ಸಣ್ಣ ಕಿಂಡಿಗಳಿರುತ್ತವೆ, ಅಲ್ಲಿ ಲೋಹ ಕಾಣುತ್ತದೆ. ಪರೀಕ್ಷೆ ಮಾಡಲೆಂದೇ ಅವನ್ನು ಬಿಟ್ಟಿರುತ್ತಾರೆ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಕಾರಿನ ಬಾಡಿಯಲ್ಲಿರುವ, ಬಣ್ಣ ಇಲ್ಲದ ಲೋಹದ ಬೋಲ್ಟ್‌ಗೆ ಕಚ್ಚಿಸಿ. ಮೊದಲು ಕರೆಂಟ್ ಇದೆ ಎಂದು ಖಚಿತವಾಗಿ ಗೊತ್ತಿರುವ ಕಡೆ ಮುಟ್ಟಿಸಿ ಲ್ಯಾಂಪ್ ಹತ್ತುತ್ತದೆಯೇ ನೋಡಿಕೊಳ್ಳಿ. ಈ ಹೆಜ್ಜೆ ಬಿಟ್ಟರೆ ಕ್ಲಿಪ್ ಸರಿಯಾಗಿ ಕಚ್ಚಿಲ್ಲದ್ದಕ್ಕೆ ಫ್ಯೂಸಿನ ಮೇಲೆ ತಪ್ಪು ಹೊರಿಸುತ್ತೀರಿ. ಆಮೇಲೆ ಕೀ ಆನ್ ಮಾಡಿ, ಫ್ಯೂಸಿನ ಎರಡೂ ಕಿಂಡಿಗಳಿಗೆ ಒಂದಾದ ಮೇಲೊಂದು ಮುಟ್ಟಿಸಿ.

ಎರಡೂ ಕಡೆ ಹತ್ತಿದರೆ ಫ್ಯೂಸ್ ಸರಿಯಾಗಿದೆ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಹತ್ತದಿದ್ದರೆ ಫ್ಯೂಸ್ ಹೋಗಿದೆ. ಎರಡೂ ಕಡೆ ಹತ್ತದಿದ್ದರೆ? ಇದರಲ್ಲಿ ಬಹಳ ಜನ ಎಡವುತ್ತಾರೆ. ಆಗ ಫ್ಯೂಸಿಗೇ ಕರೆಂಟ್ ಬರುತ್ತಿಲ್ಲ ಎಂದರ್ಥ. ಕೀ ಸರಿಯಾದ ಸ್ಥಾನದಲ್ಲಿ ಇಲ್ಲದಿರಬಹುದು, ಅಥವಾ ಅದಕ್ಕೂ ಹಿಂದಿನ ದೊಡ್ಡ ಫ್ಯೂಸ್, ರಿಲೇ (ಕರೆಂಟಿನಿಂದಲೇ ಆನ್ ಆಫ್ ಆಗುವ ಸ್ವಿಚ್), ಇಲ್ಲವೇ ಕೀ ತಿರುಗಿಸುವ ಇಗ್ನಿಷನ್ ಸ್ವಿಚ್‌ನಲ್ಲಿ ತೊಂದರೆ ಇರಬಹುದು. ಅಲ್ಲಿ ಹೊಸ ಫ್ಯೂಸ್ ಹಾಕಿ ಪ್ರಯೋಜನವಿಲ್ಲ.

ಮಲ್ಟಿಮೀಟರ್ ಇದ್ದರೆ ಡಿಸಿ 20 ವೋಲ್ಟ್ ಸ್ಥಾನದಲ್ಲಿಟ್ಟು ಇದೇ ಪರೀಕ್ಷೆ ಮಾಡಬಹುದು. ಎಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಒಂದು ಎಚ್ಚರಿಕೆ. ಮೀಟರಿನ ಕೆಂಪು ವೈರ್ ಆಂಪಿಯರ್ ಅಳೆಯುವ ತೂತಿನಲ್ಲಿ ಇಲ್ಲ ಎಂದು ನೋಡಿಕೊಳ್ಳಿ. ಅಲ್ಲಿದ್ದರೆ ಮೀಟರ್ ಬರೀ ಒಂದು ವೈರಿನಂತೆ ವರ್ತಿಸುತ್ತದೆ, ನೀವೇ ಒಂದು ಶಾರ್ಟ್ ಮಾಡಿದಂತಾಗುತ್ತದೆ. ಮೀಟರನ್ನು ಬೀಪ್ ಸ್ಥಾನದಲ್ಲಿಟ್ಟು (ಎರಡು ತುದಿಗಳ ನಡುವೆ ದಾರಿ ಇದ್ದರೆ ಸದ್ದು ಮಾಡುವ ಸ್ಥಾನ), ಕಿತ್ತ ಫ್ಯೂಸಿನ ಎರಡು ಕಾಲಿಗೆ ಮುಟ್ಟಿಸಿದರೂ ಗೊತ್ತಾಗುತ್ತದೆ. ಬೀಪ್ ಬಂದರೆ ಒಳ್ಳೆಯದು. ಫ್ಯೂಸ್ ಪೆಟ್ಟಿಗೆಯಲ್ಲಿ ಇರುವಾಗಲೇ ಬೀಪ್ ಪರೀಕ್ಷೆ ಮಾಡಬೇಡಿ, ಬೇರೆ ದಾರಿಗಳಿಂದ ಸುತ್ತಿ ಬಂದು ಮೀಟರ್ ತಪ್ಪು ಉತ್ತರ ಕೊಡಬಹುದು.

ಸುಟ್ಟ ಫ್ಯೂಸನ್ನು ಎಸೆಯುವ ಮೊದಲು

ಸುಟ್ಟ ಫ್ಯೂಸನ್ನು ಒಂದು ನಿಮಿಷ ಗಮನವಿಟ್ಟು ನೋಡಿ. ಪಟ್ಟಿಯ ಮಧ್ಯೆ ಸಣ್ಣ ಅಂತರ ಮಾತ್ರ ಇದ್ದು, ಪ್ಲಾಸ್ಟಿಕ್ ಶುಭ್ರವಾಗಿದ್ದರೆ ಮಿತಿಗಿಂತ ಸ್ವಲ್ಪ ಜಾಸ್ತಿ ಕರೆಂಟ್ ನಿಧಾನವಾಗಿ ಹರಿದಿದೆ ಎಂದರ್ಥ. ಅಥವಾ ವರ್ಷಗಟ್ಟಲೆ ಕಾದು ತಣ್ಣಗಾಗಿ ದಣಿದ ಹಳೇ ಫ್ಯೂಸ್ ಇರಬಹುದು. ಇಂಥದ್ದನ್ನು ಬದಲಿಸಿದರೆ ಸಾಮಾನ್ಯವಾಗಿ ಕೆಲಸ ಮುಗಿಯುತ್ತದೆ. ಆದರೆ ಪ್ಲಾಸ್ಟಿಕ್ಕಿನ ಒಳಗೆಲ್ಲ ಕಪ್ಪು ಮಸಿ, ಬೆಳ್ಳಿ ಬಣ್ಣದ ಸಿಡಿದ ಕಲೆಗಳು ಇದ್ದರೆ ಅದು ನೇರ ಶಾರ್ಟ್. ಪಟ್ಟಿ ಕರಗಲಿಲ್ಲ, ಸಿಡಿಯಿತು. ಅಲ್ಲಿ ಹೊಸ ಫ್ಯೂಸ್ ಹಾಕಿದರೂ ಅದೇ ಆಗುತ್ತದೆ.

ಮೂರನೆಯ ಥರ ಒಂದಿದೆ. ಪಟ್ಟಿ ಸರಿಯಾಗಿದೆ, ಆದರೆ ಕಾಲಿನ ಹತ್ತಿರ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿದೆ. ಇದಕ್ಕೆ ಕಾರಣ ಜಾಸ್ತಿ ಕರೆಂಟ್ ಅಲ್ಲ, ಸಡಿಲವಾದ ಅಥವಾ ತುಕ್ಕು ಹಿಡಿದ ಸಂಪರ್ಕ. ಫ್ಯೂಸ್ ಕೂರುವ ಲೋಹದ ಹಿಡಿತ ಸಡಿಲವಾಗಿ ಆ ಜಾಗ ಕಾದಿದೆ. ಇಲ್ಲಿ ಸರಿಪಡಿಸಬೇಕಾದದ್ದು ಪೆಟ್ಟಿಗೆಯ ಹಿಡಿತವನ್ನು.

ಬದಲಿಸುವುದು

ಕೀ ಆಫ್ ಮಾಡಿ ಹೊರಗೆ ತೆಗೆಯಿರಿ. ಪೆಟ್ಟಿಗೆಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಚ್ಚಳದಲ್ಲೋ ಪೆಟ್ಟಿಗೆಯಲ್ಲೋ ಸಣ್ಣ ಪ್ಲಾಸ್ಟಿಕ್ ಚಿಮುಟ ಸಿಕ್ಕಿಸಿರುತ್ತಾರೆ, ಅದರಿಂದ ಫ್ಯೂಸನ್ನು ನೇರವಾಗಿ ಮೇಲಕ್ಕೆಳೆಯಿರಿ. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಡಿ. ಕೀ ಆಫ್ ಇದ್ದರೂ ಕೆಲವು ಕಿಂಡಿಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ, ಲೋಹ ತಗುಲಿದರೆ ಪಕ್ಕದ ಫ್ಯೂಸೂ ಹೋಗುತ್ತದೆ.

ಹೊಸದು ಹಳೆಯದರಂತೆಯೇ ಇರಬೇಕು. ಅಳತೆಯಲ್ಲೂ, ಆಂಪಿಯರ್‌ನಲ್ಲೂ. ಮಾಮೂಲಿ ಚಪ್ಪಟೆ ಫ್ಯೂಸ್ ಸುಮಾರು 19 ಮಿಲಿಮೀಟರ್ ಅಗಲ, ಮಿನಿ ಸುಮಾರು 11, ಮೈಕ್ರೋ ಸುಮಾರು 9. ಮಿನಿಯಷ್ಟೇ ಅಗಲವಿದ್ದು ಕಾಲು ಗಿಡ್ಡವಿರುವ ಇನ್ನೊಂದು ಜಾತಿಯೂ ಇದೆ, ಅದನ್ನು ಮಿನಿ ಎಂದುಕೊಂಡು ತರುವವರು ಬಹಳ. ಹಳೆಯದನ್ನು ಕೈಯಲ್ಲಿ ಹಿಡಿದು ಹೋಲಿಸಿ ತರುವುದೇ ಸರಿ. ಆಂಪಿಯರ್ ಸಂಖ್ಯೆ ನೆತ್ತಿಯ ಮೇಲೆ ಬರೆದಿರುತ್ತದೆ, ಬಣ್ಣವೂ ಅದನ್ನೇ ಹೇಳುತ್ತದೆ. 5 ಆಂಪಿಯರ್‌ಗೆ ತಿಳಿ ಕಂದು, 7.5ಕ್ಕೆ ಕಂದು, 10ಕ್ಕೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ, 25ಕ್ಕೆ ಬಣ್ಣವಿಲ್ಲದ್ದು, 30ಕ್ಕೆ ಹಸಿರು. ಹಳೇ ಯೂರೋಪಿಯನ್ ಕಾರುಗಳಲ್ಲಿ ಎರಡೂ ತುದಿ ಚೂಪಾದ ಸೆರಾಮಿಕ್ ಫ್ಯೂಸ್ ಇರುತ್ತಿತ್ತು. ಅದರ ಬಣ್ಣದ ಲೆಕ್ಕವೇ ಬೇರೆ. ಅಲ್ಲಿ ಹಳದಿ ಅಂದರೆ 5, ಕೆಂಪು ಅಂದರೆ 16. ಹಳೇ ಕಾರ್ ಇಟ್ಟುಕೊಂಡವರು ಬಣ್ಣ ನಂಬದೆ ಸಂಖ್ಯೆ ಓದಬೇಕು.

ಇನ್ನೊಂದು ವಿಷಯ. ಈಗ ಕಿತ್ತ ಫ್ಯೂಸಿನಷ್ಟೇ ಆಂಪಿಯರ್ ಹಾಕುವ ಮೊದಲು ನಕ್ಷೆಯನ್ನೂ ನೋಡಿ. ಯಾರೋ ಹಿಂದೆ ತಪ್ಪು ಫ್ಯೂಸ್ ಹಾಕಿ ಹೋಗಿರಬಹುದು. ನಕ್ಷೆಯಲ್ಲಿ ಏನಿದೆಯೋ ಅದೇ ಸರಿ.

10 ಹೋಗುತ್ತಿದೆ, 20 ಹಾಕಿಬಿಡೋಣ ಎಂಬ ಆಸೆ ಬರುತ್ತದೆ. ದಯವಿಟ್ಟು ಬೇಡ. ವೈರ್ ಅದೇ ತೆಳ್ಳನೆಯದು, ಅದು ಹೊರಬಲ್ಲ ಕರೆಂಟ್ ಅಷ್ಟೇ. ನೀವು ಬದಲಿಸಿದ್ದು ಫ್ಯೂಸನ್ನು ಮಾತ್ರ. ದೊಡ್ಡ ಫ್ಯೂಸ್ ಹಾಕಿದರೆ ದಾರಿಯಲ್ಲಿ ಎಲ್ಲಕ್ಕಿಂತ ದುರ್ಬಲವಾದ ಜಾಗ ವೈರೇ ಆಗುತ್ತದೆ. ಅದು ಕರಗುವುದು ಪ್ಲಾಸ್ಟಿಕ್ ಕವಚದೊಳಗಲ್ಲ, ಡ್ಯಾಶ್‌ಬೋರ್ಡಿನ ಫೋಮ್, ಬಟ್ಟೆ, ಬೇರೆ ವೈರುಗಳ ನಡುವೆ. ಸುಟ್ಟ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತುವುದು, ತಾಮ್ರದ ಎಳೆ ಕಟ್ಟುವುದು ಇನ್ನೂ ಕೆಟ್ಟದ್ದು. ಅಲ್ಲಿಗೆ ಯಾವ ಮಿತಿಯೂ ಇರುವುದಿಲ್ಲ. ಅರ್ಜೆಂಟ್ ಇದ್ದರೆ ಕಡಿಮೆ ಆಂಪಿಯರ್ ಫ್ಯೂಸ್ ಹಾಕಬಹುದು. 10ರ ಜಾಗದಲ್ಲಿ 7.5 ಹಾಕಿದರೆ ವಾಲ್ಯೂಮ್ ಜಾಸ್ತಿ ಮಾಡಿದಾಗ ಹೋಗಬಹುದು, ಅಪಾಯವಂತೂ ಇಲ್ಲ. ಬೇರೆ ಜಾಗದಿಂದ ಫ್ಯೂಸ್ ಎರವಲು ತೆಗೆಯುವುದಾದರೆ ದೀಪ, ಬ್ರೇಕ್, ಏರ್‌ಬ್ಯಾಗ್ ಇವುಗಳದ್ದನ್ನು ಮುಟ್ಟಲೇಬೇಡಿ.

ಹೆಸರಿಲ್ಲದ ಅಗ್ಗದ ಫ್ಯೂಸ್‌ಗಳಿಂದಲೂ ದೂರವಿರಿ. ನೆತ್ತಿಯ ಮೇಲೆ 10 ಎಂದು ಬರೆದಿದ್ದರೂ ಒಳಗಿನ ಪಟ್ಟಿ ಹೊತ್ತಿಗೆ ಸರಿಯಾಗಿ ಕರಗದಿದ್ದರೆ ಅದು ಫ್ಯೂಸೇ ಅಲ್ಲ.

ಹೊಸದೂ ಹೋದರೆ

ಇಲ್ಲಿಂದ ನಿಜವಾದ ಪತ್ತೇದಾರಿ ಕೆಲಸ. ಹೊಸ ಫ್ಯೂಸ್ ಹಾಕುವಾಗ ಆತುರಪಡಬೇಡಿ. ಒಂದೊಂದೇ ಹೆಜ್ಜೆ ಇಡಿ, ಯಾವ ಹೆಜ್ಜೆಯಲ್ಲಿ ಹೋಯಿತು ಎಂದು ಗುರುತಿಟ್ಟುಕೊಳ್ಳಿ. ಕೀ ಆಫ್ ಇದ್ದಾಗಲೇ, ಫ್ಯೂಸ್ ಒತ್ತಿದ ಕೂಡಲೇ ಹೋದರೆ ಯಾವಾಗಲೂ ಕರೆಂಟ್ ಇರುವ ಲೈನಿನಲ್ಲೇ ಶಾರ್ಟ್ ಇದೆ. ಕೀ ತಿರುಗಿಸಿದಾಗ ಹೋದರೆ ಕೀ ಲೈನಿನಲ್ಲಿ. ರೇಡಿಯೋ ಆನ್ ಬಟನ್ ಒತ್ತಿದಾಗ ಹೋದರೆ ರೇಡಿಯೋದ ಒಳಗೆ, ಇಲ್ಲವೇ ರೇಡಿಯೋ ಆನ್ ಆದಾಗ ಕರೆಂಟ್ ಪಡೆಯುವ ಇನ್ನೊಂದು ಸಾಮಾನಿನಲ್ಲಿ. ತಾನಾಗಿ ಮೇಲೇಳುವ ಆಂಟೆನಾ ಇರುವ ಹಳೇ ಕಾರುಗಳಲ್ಲಿ ಅದರ ಮೋಟಾರ್ ಸಿಕ್ಕಿಹಾಕಿಕೊಂಡು ಹೀಗಾಗುವುದುಂಟು. ವಾಲ್ಯೂಮ್ ಏರಿಸಿದಾಗ ಮಾತ್ರ ಹೋದರೆ ಕರೆಂಟ್ ಎಳೆಯುವುದೇ ಜಾಸ್ತಿಯಾಗಿದೆ. ರೇಡಿಯೋ ಲೈನಿಗೇ ಯಾರಾದರೂ ಆಂಪ್ಲಿಫೈಯರ್ ಸೇರಿಸಿದ್ದಾರೆಯೇ ನೋಡಿ. ಆಂಪ್ಲಿಫೈಯರ್‌ಗೆ ಬ್ಯಾಟರಿಯಿಂದಲೇ ಬೇರೆ ದಪ್ಪ ವೈರ್, ಬೇರೆ ಫ್ಯೂಸ್ ಬೇಕು. ದಿನಗಟ್ಟಲೆ ಸುಮ್ಮನಿದ್ದು, ಗುಂಡಿಗೆ ಇಳಿದಾಗಲೋ ತಿರುವಿನಲ್ಲೋ ಹೋದರೆ ಎಲ್ಲೋ ವೈರ್ ಉಜ್ಜುತ್ತಿದೆ.

ಆದರೆ ಪ್ರತಿ ಪರೀಕ್ಷೆಗೂ ಒಂದೊಂದು ಫ್ಯೂಸ್ ಸುಡುತ್ತಾ ಹೋಗುವುದು ಬೇಡ. ಅನುಭವಿ ಆಟೋ ಎಲೆಕ್ಟ್ರಿಷಿಯನ್‌ಗಳು ಬಳಸುವ ಒಂದು ಉಪಾಯ ನನಗೆ ತುಂಬಾ ಇಷ್ಟ. ಫ್ಯೂಸ್ ಜಾಗದಲ್ಲಿ ಒಂದು ಬಲ್ಬ್ ಹಾಕುವುದು. ಇಂಡಿಕೇಟರ್‌ಗೆ ಬಳಸುವ 12 ವೋಲ್ಟ್ 21 ವ್ಯಾಟಿನ ಫಿಲಮೆಂಟ್ ಬಲ್ಬ್ ಸಾಕು. ಅದರ ಎರಡು ತುದಿಗೆ ವೈರ್ ಹಾಕಿ, ಫ್ಯೂಸ್ ಕಿತ್ತ ಜಾಗದಲ್ಲಿ ಅದರ ಕಾಲು ಕೂರುತ್ತಿದ್ದ ಎರಡು ಕಿಂಡಿಗೆ ಸಿಕ್ಕಿಸಿ. ಮುಂದೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಹೊಳೆಯುತ್ತದೆ. ಎಷ್ಟೇ ಶಾರ್ಟ್ ಇದ್ದರೂ ಬಲ್ಬ್ 2 ಆಂಪಿಯರ್‌ಗಿಂತ ಕಡಿಮೆ ಕರೆಂಟ್ ಮಾತ್ರ ಬಿಡುತ್ತದೆ, ಹಾಗಾಗಿ ವೈರಿಗೆ ಏನೂ ಆಗುವುದಿಲ್ಲ. ಎಲ್‌ಇಡಿ ಬಲ್ಬ್ ಇದಕ್ಕೆ ಆಗದು. ಬಲ್ಬ್ ಬಿಸಿಯಾಗುತ್ತದೆ, ಸೀಟಿನ ಮೇಲೋ ಪ್ಲಾಸ್ಟಿಕ್ ಮೇಲೋ ಇಡಬೇಡಿ.

ಬಲ್ಬ್ ಹೊಳೆಯುತ್ತಿರುವಾಗ ಆ ಫ್ಯೂಸಿಗೆ ಸೇರಿದ ಸಾಮಾನುಗಳನ್ನು ಒಂದೊಂದಾಗಿ ಬಿಡಿಸಿ. ರೇಡಿಯೋ ಕನೆಕ್ಟರ್ ಎಳೆದಾಗ ಬಲ್ಬ್ ಆರಿತೇ? ತೊಂದರೆ ರೇಡಿಯೋದಲ್ಲಿದೆ. ಆರಲಿಲ್ಲವೇ? ತೊಂದರೆ ವೈರಿನಲ್ಲಿ ಅಥವಾ ಅದೇ ಫ್ಯೂಸಿನ ಇನ್ನೊಂದು ಸಾಮಾನಿನಲ್ಲಿ. ವೈರ್ ಕಟ್ಟನ್ನು ಅಲ್ಲಲ್ಲಿ ಮೆಲ್ಲಗೆ ಅಲುಗಾಡಿಸಿ. ಯಾವ ಜಾಗ ಮುಟ್ಟಿದಾಗ ಬಲ್ಬ್ ಮಿಣುಕುತ್ತದೋ ಶಾರ್ಟ್ ಅದರ ಆಸುಪಾಸಿನಲ್ಲೇ ಇದೆ.

ಮೊದಲು ನೋಡಬೇಕಾದದ್ದು ಚಾರ್ಜಿಂಗ್ ಸಾಕೆಟ್. ಅದೂ ರೇಡಿಯೋವೂ ಒಂದೇ ಫ್ಯೂಸ್ ಹಂಚಿಕೊಂಡಿದ್ದರೆ ರೇಡಿಯೋದ ತಪ್ಪೇ ಇರುವುದಿಲ್ಲ. ಸಾಕೆಟ್ಟಿನೊಳಗೆ ಒಂದು ನಾಣ್ಯ ಬಿದ್ದರೆ ಮುಗಿಯಿತು, ಪ್ಲಸ್ಸಿಗೂ ಮೈನಸ್ ಆಗಿರುವ ಸಾಕೆಟ್ ಗೋಡೆಗೂ ಸೇತುವೆ ಕಟ್ಟಿದಂತೆ. ಕಳಪೆ ಚಾರ್ಜರ್ ಒಳಗೇ ಶಾರ್ಟ್ ಆಗುವುದೂ ಇದೆ. ಟಾರ್ಚ್ ಹಿಡಿದು ಒಳಗೆ ನೋಡಿ.

ಹೊರಗೆ ಹಾಕಿಸಿದ ರೇಡಿಯೋ ಆದರೆ ಮುಂದಿನ ಅನುಮಾನ ಜೋಡಣೆಗಳ ಮೇಲೆ. ವೈರ್ ತಿರುಚಿ ಟೇಪ್ ಸುತ್ತಿದ್ದರೆ ಬಿಸಿಲಿನ ಕಾವಿಗೆ ಅಂಟು ಕರಗಿ ಟೇಪ್ ಜಾರುತ್ತದೆ, ತಾಮ್ರ ಹೊರಗೆ ಬರುತ್ತದೆ. ರೇಡಿಯೋವನ್ನು ಜಾಗಕ್ಕೆ ತಳ್ಳುವಾಗ ವೈರ್ ಲೋಹದ ಪಟ್ಟಿಗೂ ರೇಡಿಯೋ ಬೆನ್ನಿಗೂ ನಡುವೆ ಸಿಕ್ಕಿ ಜಜ್ಜಿಹೋಗಿರಬಹುದು. ಉದ್ದ ಜಾಸ್ತಿಯಾದ ಒಂದು ಸ್ಕ್ರೂ ಕೂಡ ವೈರಿನೊಳಗೆ ಹೊಕ್ಕಿರಬಹುದು. ಗಾಜಿನ ಅಂಚಿನಿಂದ ಮಳೆನೀರು ಸೋರಿ ಕನೆಕ್ಟರ್ ತೋಯ್ದಿದೆಯೇ ಎಂದೂ ನೋಡಿ, ಹಸಿರು ಪುಡಿ ಕಂಡರೆ ಅದೇ ಕಾರಣ.

ಜಂಪ್ ಸ್ಟಾರ್ಟ್ ಮಾಡುವಾಗ, ಅಂದರೆ ಬೇರೆ ಬ್ಯಾಟರಿ ಸೇರಿಸಿ ಕಾರ್ ಶುರುಮಾಡುವಾಗ, ಪ್ಲಸ್ ಮೈನಸ್ ಅದಲು ಬದಲಾಗಿತ್ತೇ ಎಂದು ನೆನಪು ಮಾಡಿಕೊಳ್ಳಿ. ಹಲವು ರೇಡಿಯೋಗಳ ಒಳಗೆ, ಕರೆಂಟ್ ಉಲ್ಟಾ ಬಂದರೆ ತಾನೇ ಶಾರ್ಟ್ ಆಗಿ ಫ್ಯೂಸ್ ಹೋಗುವಂತೆ ಮಾಡುವ ಡಯೋಡ್ ಎಂಬ ಸಣ್ಣ ಭಾಗ ಇರುತ್ತದೆ. ಎಷ್ಟೋ ಸಲ ಆ ಹೊಡೆತಕ್ಕೆ ಡಯೋಡ್ ತಾನೂ ಸುಟ್ಟು ಶಾಶ್ವತವಾಗಿ ಶಾರ್ಟ್ ಆಗಿಯೇ ಉಳಿಯುತ್ತದೆ. ಆಗ ಎಷ್ಟು ಫ್ಯೂಸ್ ಹಾಕಿದರೂ ಹೋಗುತ್ತಲೇ ಇರುತ್ತವೆ. ಇಡೀ ರೇಡಿಯೋ ಹಾಳಾಗಿದೆ ಎಂದುಕೊಳ್ಳಬೇಡಿ. ಎಲೆಕ್ಟ್ರಾನಿಕ್ಸ್ ರಿಪೇರಿ ಗೊತ್ತಿರುವವರು ಆ ಡಯೋಡ್ ಬದಲಿಸಿ ಉಳಿಸಿಕೊಡಬಹುದು.

ಸ್ಪೀಕರ್ ವೈರ್ ಬಾಡಿಗೆ ತಗುಲಿದರೆ ಸಾಮಾನ್ಯವಾಗಿ ಫ್ಯೂಸ್ ಹೋಗುವುದಿಲ್ಲ. ಈಗಿನ ರೇಡಿಯೋ ತನ್ನನ್ನು ತಾನೇ ರಕ್ಷಿಸಿಕೊಳ್ಳಲು ಸದ್ದು ನಿಲ್ಲಿಸುತ್ತದೆ, ಪರದೆ ಮೇಲೆ ಪ್ರೊಟೆಕ್ಟ್ ಎಂಬ ಸಂದೇಶ ತೋರಿಸುತ್ತದೆ.

ರೇಡಿಯೋ ಹೊರಗೆಳೆಯುವ ಮೊದಲು ಬ್ಯಾಟರಿಯ ಮೈನಸ್ ತೆಗೆದು ಕೆಲವು ನಿಮಿಷ ಕಾಯಿರಿ. ಬಲ್ಬ್ ಪರೀಕ್ಷೆಗೆ ಕರೆಂಟ್ ಬೇಕು, ಹಾಗಾಗಿ ರೇಡಿಯೋ ಹೊರಬಂದ ಮೇಲೆ ಮೈನಸ್ ಮತ್ತೆ ಸೇರಿಸಿ. ಹಳದಿ ಕವಚದೊಳಗಿನ ವೈರ್ ಕಟ್ಟು ಅಥವಾ ಹಳದಿ ಕನೆಕ್ಟರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು (ಹೊರಗೆ ಹಾಕಿಸಿದ ರೇಡಿಯೋದ ಒಂಟಿ ಹಳದಿ ವೈರ್ ಬೇರೆ), ಅದರ ಮೇಲೆ ಟೆಸ್ಟ್ ಲ್ಯಾಂಪ್ ಇಡಲೇಬೇಡಿ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲೂ ರೇಡಿಯೋ 12 ವೋಲ್ಟಿನದೇ. ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳಲ್ಲಿ ಮಾತ್ರ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ, ಅವುಗಳ ಹತ್ತಿರ ಹೋಗಬೇಡಿ. ಇನ್ನು ಬ್ಯಾಟರಿ ತೆಗೆಯುವ ಮೊದಲೇ ರೇಡಿಯೋಗೆ ಸೆಕ್ಯುರಿಟಿ ಕೋಡ್ ಇದೆಯೇ ಎಂದು ಕಾರಿನ ಪುಸ್ತಕದಲ್ಲಿ ನೋಡಿ. ಕಳ್ಳರಿಗೆ ಉಪಯೋಗವಾಗಬಾರದೆಂದು ಕೆಲವು ರೇಡಿಯೋಗಳು ಕರೆಂಟ್ ತಪ್ಪಿದರೆ ಕೋಡ್ ಕೇಳುತ್ತವೆ. ಊಹೆ ಮಾಡಿ ತಪ್ಪು ಕೋಡ್ ಒತ್ತುತ್ತಾ ಹೋದರೆ ಲಾಕ್ ಆಗುತ್ತದೆ. ಸುಟ್ಟ ಫ್ಯೂಸ್ ಬದಲಿಸಿದ ಮೇಲೂ ಇದೇ ಕೋಡ್ ಕೇಳಬಹುದು, ಅದು ತೊಂದರೆಯ ಲಕ್ಷಣವಲ್ಲ.

ಎರಡೂ ಫ್ಯೂಸ್ ಸರಿಯಾಗಿವೆ, ಆದರೂ ರೇಡಿಯೋ ಬರುವುದಿಲ್ಲ ಅಂದರೆ ಕನೆಕ್ಟರ್ ಬಿಡಿಸಿ ಅಲ್ಲೇ ವೋಲ್ಟ್ ಅಳೆಯಿರಿ. ಎರಡೂ ಪ್ಲಸ್ ಬರುತ್ತಿದೆಯೇ ನೋಡಿ. ಅಳೆಯುವಾಗ ಮೀಟರಿನ ಕಪ್ಪು ತುದಿಯನ್ನು ಬಾಡಿಗೆ ಇಡುವ ಬದಲು ಕನೆಕ್ಟರಿನ ಅರ್ತ್ ಪಿನ್ನಿಗೇ ಇಡಿ. ಬಾಡಿಗೆ ಇಟ್ಟಾಗ 12 ತೋರಿಸಿ, ಅರ್ತ್ ಪಿನ್ನಿಗೆ ಇಟ್ಟಾಗ ತೋರಿಸದಿದ್ದರೆ ಅರ್ತ್ ವೈರ್ ಕಡಿದಿದೆ. ಹೊಸ ಕಾರುಗಳಲ್ಲಿ ಇನ್ನೊಂದು ಸಾಧ್ಯತೆಯಿದೆ. ಅಲ್ಲಿ ಕೀ ಲೈನ್ ಎಂಬ ಪ್ರತ್ಯೇಕ ವೈರೇ ಇಲ್ಲದಿರಬಹುದು. 'ಏಳು' ಎಂಬ ಆಜ್ಞೆ ಕಾರಿನ ಕಂಪ್ಯೂಟರ್‌ಗಳ ನೆಟ್‌ವರ್ಕ್ ಮೂಲಕ ಬರುತ್ತದೆ. ಬ್ಯಾಟರಿ ದುರ್ಬಲವಾದರೆ ಕಾರೇ ರೇಡಿಯೋವನ್ನು ಆಫ್ ಮಾಡುವುದೂ ಉಂಟು. ಅಂಥ ಕಾರಿನಲ್ಲಿ ಮೊದಲು ಬ್ಯಾಟರಿ ವೋಲ್ಟ್ ನೋಡಿ. ಆಮೇಲೆ ಪವರ್ ಬಟನ್ನನ್ನು ಒತ್ತಿ ಹಿಡಿದು ರೀಸ್ಟಾರ್ಟ್ ಮಾಡುವ ವಿಧಾನ ಪುಸ್ತಕದಲ್ಲಿದೆಯೇ ನೋಡಿ. ಅದಕ್ಕೂ ಬಗ್ಗದಿದ್ದರೆ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಇರುವ ಕಡೆ ತೋರಿಸಿ. ತೋರಿಸುವಾಗ ಯಾವ ಫ್ಯೂಸ್ ಎಷ್ಟು ಹೊತ್ತಿಗೆ ಹೋಯಿತು, ಕನೆಕ್ಟರಿನಲ್ಲಿ ಎಷ್ಟು ವೋಲ್ಟ್ ಸಿಕ್ಕಿತು ಎಂದು ಹೇಳಿ, ಸುಟ್ಟ ಫ್ಯೂಸನ್ನೂ ಕೈಗೆ ಕೊಡಿ. ಅವರು ಅಲ್ಲಿಂದಲೇ ಮುಂದುವರಿಸಬಹುದು.